ಗೋಧಿ ಜಿಲ್ಲೆಯ ಮೊದಲ ನಕ್ಷೆ

"ಗೋಧಿ ಬೆಳೆಗಾರರು ಬರುವವರೆಗೆ ಈ ಜಿಲ್ಲೆಯಲ್ಲಿ ನೀರೂ ಇರಲಿಲ್ಲ, ಜನರೂ ಇರಲಿಲ್ಲ." ಪರ್ತ್ ನಗರದ ಪೂರ್ವಕ್ಕಿರುವ ಒಂದು ಗ್ರಾಮೀಣ ಜಿಲ್ಲೆಯ ಕರಪತ್ರದಲ್ಲಿ ಹೀಗೆ ಅಚ್ಚಾಗಿದೆ. ನಮ್ಮ ಕನ್ನಡ ಸಂಘ ಅಲ್ಲಿಗೆ ಪಿಕ್ನಿಕ್ ಹೊರಟಾಗ, ಸದಸ್ಯರಿಗೆ ಹಂಚಲೆಂದು ಅದನ್ನು ಕನ್ನಡಕ್ಕೆ ತಂದವನು ನಾನೇ. ಶಾಲೆ ಬಿಟ್ಟ ಮೇಲೆ ಪ್ರತಿಯೊಂದನ್ನೂ ಪ್ರಶ್ನಿಸಿಯೇ ಕಲಿತ ನಾನು, ಆ ವಾಕ್ಯವನ್ನು ಮಾತ್ರ ಪ್ರಶ್ನಿಸದೆ ಬರೆದುಕೊಟ್ಟೆ. ನೆನೆದರೆ ಇಂದಿಗೂ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಪಿಕ್ನಿಕ್ಕಿನ ದಿನ ಊಟಕ್ಕೆ ಮುಂಚೆ ಅಲ್ಲಿಯ ಪುರಭವನದೊಳಗೆ ಹೋದೆ. ಗೋಡೆಯ ಮೇಲೆ, ಗೋಧಿ ಬೆಳೆಗಾರರು ಬರುವ ಮುಂಚೆಯೇ ಮೊದಲ ಭೂಮಾಪಕ ಬರೆದ ನಕ್ಷೆಯಿತ್ತು. ಬೇಲಿಗಳೇ ಇಲ್ಲದ ಆ ಹಾಳೆಯಲ್ಲಿ ಅವನು ಏಳು ಕಡೆ ಮೂಲನಿವಾಸಿಗಳ ಬಾವಿಯೆಂದು ಗುರುತಿಸಿದ್ದ; ಬಾವಿಯಿಂದ ಬಾವಿಗೆ ಕಾಲುದಾರಿಗಳನ್ನೂ ಎಳೆದಿದ್ದ. ಜನರೇ ಇಲ್ಲದ ನೆಲದಲ್ಲಿ ಆ ದಾರಿಗಳನ್ನು ಸವೆಸಿದವರು ಯಾರು?

ಹೊರಗೆ ಸಂಘದ ಕಾರ್ಯದರ್ಶಿ ನನ್ನ ಹಾಳೆಗಳನ್ನು ಹಂಚಲು ಹೊರಟಿದ್ದ. ಅವನು ಗಣಿ ಕಂಪನಿಯೊಂದರ ಭೂವಿಜ್ಞಾನಿ. ತಡೆದು, ಕಂಡದ್ದನ್ನು ಹೇಳಿದೆ.

"ಬಿಡಿ ಅಂಕಲ್, ಬಾರ್ಬೆಕ್ಯೂ ರೆಡಿಯಾಗಿದೆ. ಇದನ್ನ ಯಾರು ಓದ್ತಾರೆ?"

"ಯಾರೂ ಓದದೇ ಇದ್ರೆ ಹಂಚೋದ್ಯಾಕೆ? ದಿನಾ ನಕ್ಷೆ ನೋಡೋ ಕೆಲಸ ನಿಂದಲ್ವೇನಪ್ಪಾ? ಒಳಗೆ ಹೋಗಿ ಅದನ್ನೂ ನೋಡು."

"ಬೆಳಿಗ್ಗೇನೇ ನೋಡಿದೆ ಅಂಕಲ್," ಎಂದು ನಕ್ಕ.

ನೋಡಿಯೂ ಹಂಚಹೊರಟವನ ಕೈಯಿಂದ ಹಾಳೆಗಳನ್ನು ಕಿತ್ತುಕೊಂಡು, ಪ್ರತಿಯೊಂದರಲ್ಲೂ ಆ ವಾಕ್ಯವನ್ನು ಹೊಡೆದುಹಾಕಿದ ಮೇಲೆಯೇ ಹಂಚಲು ಬಿಟ್ಟೆ. ನನ್ನ ಮಾತನ್ನೂ ಯಾರೂ ಸುಮ್ಮನೆ ನಂಬಬೇಕಾಗಿಲ್ಲ. ಪುರಭವನದ ಬಾಗಿಲು ದಾಟಿದೊಡನೆ ಎಡಗೋಡೆಯಲ್ಲಿ ನಕ್ಷೆಯಿದೆ. ಭವನ ತೆರೆದಿರುವ ಯಾವ ದಿನವಾದರೂ ಹೋಗಿ ಬಾವಿಗಳನ್ನು ಎಣಿಸಬಹುದು.