ಸಾವಂತ್ರವ್ವನ ಸೈಕಲ್ ಸಾಲಿ

ಸವಣೂರಿನಲ್ಲಿ ಕರಿಬಸಪ್ಪನ ಕರಿದ ಖಾರದ ಅಂಗಡಿ ಗೊತ್ತಿಲ್ಲದವರು ಆಗ ಯಾರೂ ಇರಲಿಲ್ಲ. ಅವನ ಹೆಂಡತಿ ಸಾವಂತ್ರವ್ವ ಗೊತ್ತಿಲ್ಲದವರೂ ಇರಲಿಲ್ಲ, ಆದರೆ ಅದಕ್ಕೆ ಕಾರಣ ಬೇರೆ. ಆಕೆ ಭಾರಿ ಮೈಯ ಹೆಂಗಸು, ಮದುವೆಯಾಗಿ ಹತ್ತು ವರ್ಷವಾದರೂ ಮಕ್ಕಳಿರಲಿಲ್ಲ. ಊರವರು ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಪಕ್ಕದ ಮನೆಯ ನನಗೆ ಅದನ್ನು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಎಪ್ಪತ್ತೆಂಟನೆಯ ಇಸವಿಯಲ್ಲಿ ಹುಬ್ಬಳ್ಳಿಯ ಲೇಡಿ ಡಾಕ್ಟರೊಬ್ಬರು, ತೂಕ ಇಳಿದರೆ ಬಸಿರು ನಿಲ್ಲಬಹುದು, ದಿನಾ ಸೈಕಲ್ ತುಳಿಯಿರಿ ಎಂದರು. ಹೇಳುವುದೇನೋ ಸುಲಭ. ಸವಣೂರಿನ ಬೀದಿಯಲ್ಲಿ ಸಾವಂತ್ರವ್ವ ಸೈಕಲ್ ಹತ್ತಿದರೆ ಅಂಗಡಿ ಮುಚ್ಚಿ ನೋಡಲು ನಿಲ್ಲುವ ಜನ ನಮ್ಮವರು. ಕರಿಬಸಪ್ಪ ಎರಡು ದಿನ ತಲೆ ಕೆರೆದುಕೊಂಡು, ಆಮೇಲೆ ಹಳೆಯ ಲೇಡೀಸ್ ಸೈಕಲ್ಲೊಂದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದ. ಕಡಲೆಹಿಟ್ಟಿನ ಚೀಲ ಇಡುವ ಕೋಣೆಯಲ್ಲಿ ಅದರ ಸ್ಟ್ಯಾಂಡನ್ನು ನೆಲದಲ್ಲಿ ಹೂತು, ಮುಂದಿನ ಗಾಲಿ ಕಳಚಿಟ್ಟ. ಹಿಂದಿನ ಗಾಲಿ ನೆಲ ಮುಟ್ಟದೆ ತಿರುಗುತ್ತಿತ್ತು. ತುಳಿಯುವುದು ತೀರ ಹಗುರಾಯಿತೆಂದು ರಿಮ್ಮಿಗೆ ಒತ್ತುವಂತೆ ಹಳೆಯ ಟ್ಯೂಬಿನ ತುಂಡನ್ನೂ ಬಿಗಿದ.

ಮೊದಲ ದಿನ ಸಾವಂತ್ರವ್ವ ಸೀರೆಗೆ ಕಚ್ಚೆ ಹಾಕಿ ತುಳಿದು ಇಳಿದಾಗ ಕಾಲು ನಡುಗುತ್ತಿದ್ದವು. ನನ್ನ ಹೆಗಲು ಹಿಡಿದು, ಇಷ್ಟು ತುಳಿದರೂ ಹಿಟ್ಟಿನ ಚೀಲ ದಾಟಲಿಲ್ಲವಲ್ಲ ಎಂದು ನಕ್ಕಳು.

ಸುದ್ದಿ ಓಣಿಗೆ ಹಬ್ಬಿತು. ಹೆರಿಗೆಯ ನಂತರ ಮೈ ಬಂದವರು, ಮಂಡಿನೋವಿನವರು, ಕೆಲಸವಿಲ್ಲದ ನನ್ನಂಥವರು, ಎಲ್ಲರೂ ಮಧ್ಯಾಹ್ನ ಅಲ್ಲಿ ಸೇರತೊಡಗಿದೆವು. ಗಂಡಸರು ಇದು ಹೆಂಗಸರ ಶಾಲೆಯೆಂದು ಅಣಕಿಸಿ, ಸೈಕಲ್ ಸಾಲಿ ಎಂದು ಹೆಸರಿಟ್ಟು ಹಲ್ಲು ಕಿರಿದರು. ಗಡಿಯಾರ ಇರಲಿಲ್ಲ. ಒಬ್ಬೊಬ್ಬರ ಪಾಳಿ ಒಂದು ಬೀಸುಕಲ್ಲಿನ ಪದ ಹಾಡಿ ಮುಗಿಯುವವರೆಗೆ. ದಮ್ಮಿಲ್ಲದವರು ಗಿಡ್ಡ ಪದ ಹಾಡಿ ಜಾರಿಕೊಳ್ಳಲು ನೋಡಿದರೆ ಸಾವಂತ್ರವ್ವ ತಾನೇ ಇನ್ನೊಂದು ನುಡಿ ಎತ್ತಿ ಇಳಿಯಲು ಬಿಡುತ್ತಿರಲಿಲ್ಲ. ಸಾಲಿ ಬಿಟ್ಟ ಮೇಲೆ ಎಲ್ಲರೂ ಕರಿಬಸಪ್ಪನ ಬಿಸಿ ಖಾರ ತಿಂದು, ಇಳಿಸಿದ್ದನ್ನು ಅಲ್ಲೇ ಏರಿಸಿಕೊಂಡು ಮನೆಗೆ ಹೋಗುತ್ತಿದ್ದೆವು.

ನಿಜವಾಗಿ ಇಳಿದವಳು ಆಕೆಯೊಬ್ಬಳೇ. ಮರುವರ್ಷದ ಹೊತ್ತಿಗೆ ತೋಳು ಸಣ್ಣಗಾದವು, ಗಲ್ಲ ಒಳಗೆ ಹೋದವು, ಕುಪ್ಪಸಗಳಿಗೆಲ್ಲ ಹೊಲಿಗೆ ಹಾಕಿ ಕಿರಿದು ಮಾಡಿಕೊಂಡಳು. ಊಟ ಸೇರುವುದಿಲ್ಲ ಎನ್ನುತ್ತಿದ್ದಳು, ನಾವು ಒಳ್ಳೆಯದೇ ಆಯಿತು ಎನ್ನುತ್ತಿದ್ದೆವು. ಆಮೇಲೆ ಮುಟ್ಟು ನಿಂತಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಹೊಟ್ಟೆ ಕಾಣತೊಡಗಿತು.

ಕರಿಬಸಪ್ಪ ಅಂಗಡಿಗೆ ಬಂದವರಿಗೆಲ್ಲ ಕೇಳಿದ್ದಕ್ಕಿಂತ ಹೆಚ್ಚು ಖಾರ ಕಟ್ಟಿಕೊಟ್ಟ. ಸೈಕಲ್ ತುಳಿದರೆ ಮಕ್ಕಳಾಗುತ್ತವೆಂಬ ಮಾತು ಹಬ್ಬಿ, ಹಿರೇಕೆರೂರಿನಿಂದ ಬಂಜೆಯೆನಿಸಿಕೊಂಡ ಇಬ್ಬರು ಹೆಣ್ಣುಮಕ್ಕಳು ಬಸ್ಸು ಹತ್ತಿ ಬಂದು ತುಳಿದು ಹೋದರು. ತುಳಿಯುವುದನ್ನು ಬಿಟ್ಟಿದ್ದ ಸಾವಂತ್ರವ್ವ ಹಾಸಿಗೆಯಲ್ಲಿ ಕುಳಿತು ಅವರಿಗೆ ಧೈರ್ಯ ಹೇಳಿದಳು. ಹುಬ್ಬಳ್ಳಿಗೆ ಹೋಗಿ ತೋರಿಸೋಣವೆಂದರೆ ತಡಸದಿಂದ ಬಂದಿದ್ದ ಕರಿಬಸಪ್ಪನ ಸೋದರತ್ತೆ ಶಿವಬಸವ್ವ ಒಪ್ಪಲಿಲ್ಲ. ಇಷ್ಟು ವರ್ಷಕ್ಕೆ ನಿಂತ ಬಸಿರು, ಬಸ್ಸಿನ ಕುಲುಕಾಟ ಬೇಡವೆಂದಳು. ಅವಳದೂ ಪ್ರೀತಿಯೇ. ಆ ಪ್ರೀತಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಏಳನೆಯ ತಿಂಗಳೆಂದು ಲೆಕ್ಕ ಹಾಕಿ ಸೀಮಂತದ ಕುಬಸ ಮಾಡಿದೆವು. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿದೆವು. ಆರತಿ ಎತ್ತುವಾಗ ಆಕೆಗೆ ಉಸಿರಾಡಲು ಆಗಲಿಲ್ಲ. ಮರುದಿನವೇ ಬಾಡಿಗೆ ಕಾರು ಮಾಡಿ ಹುಬ್ಬಳ್ಳಿಗೆ ಕರೆದೊಯ್ದೆವು. ನಾನೂ ಜೊತೆಗಿದ್ದೆ.

ಡಾಕ್ಟರು ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿ ನೋಡಿದರು. ಎಷ್ಟು ದಿನದಿಂದ ಹೀಗೆ ಸಣ್ಣಗಾಗುತ್ತಿದ್ದೀರಿ ಎಂದು ಕೇಳಿದರು. ಸಾವಂತ್ರವ್ವ ಹೆಮ್ಮೆಯಿಂದ ಸೈಕಲ್ಲಿನ ಕಥೆಯನ್ನೆಲ್ಲ ಹೇಳಿದಳು. ಅವರು ಕುರ್ಚಿ ಹತ್ತಿರಕ್ಕೆಳೆದುಕೊಂಡು, ಇದು ಕೂಸಲ್ಲ ತಾಯಿ, ಗಡ್ಡೆ ಎಂದರು. ಹೊಟ್ಟೆಯಲ್ಲಿ ನೀರು ತುಂಬಿದೆ, ರೋಗ ಎಲ್ಲ ಕಡೆ ಹರಡಿದೆ, ಕೊಯ್ದರೂ ಉಪಯೋಗವಿಲ್ಲ ಎಂದರು.

"ಮೊನ್ನಿ ಒದ್ದಂಗಾತಲ್ರಿ," ಎಂದಳು ಸಾವಂತ್ರವ್ವ.

ನನ್ನ ಎದೆ ಒಡೆದದ್ದು ಗಡ್ಡೆ ಎಂಬ ಮಾತಿಗಲ್ಲ, ಈ ಮಾತಿಗೆ.

ವಾಪಸು ಬರುವಾಗ ಕಾರು ತಡಸ ದಾಟಿತು. ಆಮೇಲೆ ಆಕೆ ಗಂಡನ ಕಡೆ ತಿರುಗಿದಳು.

"ಊರಾಗ ಯಾರಿಗೂ ಹೇಳಬ್ಯಾಡ್ರಿ. ಹತ್ತು ವರ್ಷ ಬಂಜಿ ಅನಿಸ್ಕೊಂಡು ಬದುಕೇನಿ. ಬಸುರಿ ಆಗೇ ಹೋಗ್ತೇನಿ. ಇದೊಂದು ಮಾತು ನಡಸಿಕೊಡ್ರಿ."

ಕರಿಬಸಪ್ಪ ಆಕೆಯ ಕೈ ಹಿಡಿದು ಮಾತು ಕೊಟ್ಟ. ನನ್ನ ಬಾಯಿಗೂ ಅಲ್ಲೇ ಬೀಗ ಬಿತ್ತು.

ಓಣಿಯ ಹೆಂಗಸರು ಬಯಕೆಯ ಊಟವೆಂದು ಬುತ್ತಿ ತಂದುಕೊಟ್ಟರು. ಆಕೆ ಎಲ್ಲದರಲ್ಲೂ ಒಂದೊಂದು ಚೂರು ಬಾಯಿಗಿಟ್ಟುಕೊಂಡು ಚೆನ್ನಾಗಿದೆ ಎಂದಳು. ಸಾಲಿ ನಿಲ್ಲಿಸಲು ಬಿಡಲಿಲ್ಲ. ಒಳಗೆ ನಾವು ತುಳಿಯುತ್ತಿದ್ದರೆ ಹೊರಗೆ ಮಲಗಿ ಕೇಳುತ್ತಿದ್ದಳು, ಪದ ತಪ್ಪಿದರೆ ಅಲ್ಲಿಂದಲೇ ತಿದ್ದುತ್ತಿದ್ದಳು. ತಿಂಗಳು ತುಂಬುವ ಮೊದಲೇ ಒಂದು ಮುಂಜಾನೆ ಹೋಗಿಬಿಟ್ಟಳು.

ಹೆಣ ಕೂರಿಸಿ ಹೂವು ಹಾಕುವಾಗ ಶಿವಬಸವ್ವ ಎದ್ದು ನಿಂತಳು. ಅಳುತ್ತಲೇ ಹೇಳಿದಳು.

"ಬಸುರಿ ಹೆಂಗಸನ್ನ ಹಂಗ ಮಣ್ಣ ಮಾಡಾಕ ಬರೂದಿಲ್ಲ. ಕೂಸನ್ನ ತಗದು ಬ್ಯಾರೆ ಇಡಬೇಕು."

ಹಿರಿಯರು ತಲೆದೂಗಿದರು. ಹಿಂದಿನಿಂದ ಬಂದ ಪದ್ಧತಿ ಅದು, ಎರಡು ಜೀವವನ್ನು ಒಂದೇ ಕುಣಿಯಲ್ಲಿ ಇಡುವುದಿಲ್ಲ. ಸೂಲಗಿತ್ತಿ ಅಡಿವೆವ್ವನನ್ನು ಕರೆಸಿದರು. ಕರಿಬಸಪ್ಪ ಬೇಡ ಬೇಡ ಎಂದ, ಹಾಗೇ ಇರಲಿ ಎಂದು ಕೈ ಮುಗಿದ. ದುಃಖದಲ್ಲಿ ಅವನಿಗೆ ತಿಳಿಯುತ್ತಿಲ್ಲವೆಂದು ಇಬ್ಬರು ಅವನ ರಟ್ಟೆ ಹಿಡಿದು ದೂರ ಕೂರಿಸಿದರು. ಅವನು ನನ್ನ ಮುಖ ನೋಡಿದ. ನಾನು ಏನು ಹೇಳಲಿ? ಮಾತು ಕೊಟ್ಟವನು ಅವನು.

ಅಡಿವೆವ್ವ ಹತ್ತಿರ ಕುಳಿತು ಹಸಿರು ಸೀರೆಯ ಗಂಟಿಗೆ ಕೈ ಹಾಕಿದಳು. ಕರಿಬಸಪ್ಪ ಹಿಡಿದವರನ್ನು ತಳ್ಳಿ ಓಡಿಬಂದು ಆಕೆಯ ಕೈ ಸರಿಸಿದ. ನೆರೆದ ಓಣಿಯೆಲ್ಲ ಕೇಳುವಂತೆ ಹೇಳಿದ.

"ಅತ್ತಿ, ಹೊಟ್ಟ್ಯಾಗ ಯಾರೂ ಇಲ್ರಿ. ಎಂದೂ ಇರ್ಲಿಲ್ಲ."

ಅವನು ಮೊಣಕಾಲೂರಿ, ಹೆಂಡತಿಯ ಕಿವಿಯ ಹತ್ತಿರ ಬಾಗಿ, ತಪ್ಪಾತು ಸಾವಂತ್ರಿ, ತಪ್ಪಾತು ಎಂದು ಹೇಳುತ್ತಲೇ ಇದ್ದ.