ಒಂದು ಕೊಂಬು

ಸೋಮವಾರ ಬೆಳಿಗ್ಗೆ, ಹಿರಿಯರು ಬರುವುದಕ್ಕೆ ಮುಂಚೆ, ನಾನು ಹೂವಿನ ಬುಟ್ಟಿ ಹಿಡಿದು ತುರೋರಿ ಮಠದ ಪಡಸಾಲೆಯ ಎರಡನೆಯ ಕಂಬದ ಹಿಂದೆ ನಿಂತಿದ್ದೆ. ನಿಜಾಮರ ಕಾಲದ ಮಾತು. ಅಲ್ಲಿಂದ ಸ್ವಾಮಿಗಳ ಮುಖ ಕಾಣುತ್ತಿರಲಿಲ್ಲ, ಬಲಗೈ ಕಾಣುತ್ತಿತ್ತು. ಅದರಲ್ಲಿ ತಾಳೆಗರಿಯ ಮೇಲೆ ಬರೆಯುವ ಕಬ್ಬಿಣದ ಕಂಟವಿತ್ತು.

ಶಾಸ್ತ್ರದಲ್ಲಿ ಸಂಶಯ ಬಂದರೆ ನಿಲಂಗಾ, ಉದಗೀರದವರೂ ಅವರಲ್ಲಿಗೇ ಬರುತ್ತಿದ್ದರು. ಅವರು ಮಠದ ಹಳೆಯ ಶಾಸ್ತ್ರದ ಗರಿಯ ಮೇಲೆ ಬೆರಳಿಟ್ಟು, "ನನ್ನ ಮಾತು ಬ್ಯಾಡ್ರಿ, ಗರಿ ಏನಂತದ ಕೇಳ್ರಿ" ಎನ್ನುತ್ತಿದ್ದರು.

ಅಂದು ಕೇಳಬೇಕಾಗಿದ್ದದ್ದು ದಾಳಿಂಬದ ಅಯ್ಯನವರ ಮನೆಯ ವಿಧವೆಯ ಮರುಮದುವೆಯ ಪ್ರಶ್ನೆ. ಗರಿ ಕೂಡದು ಎಂದರೆ ಆಕೆ ಬದುಕೆಲ್ಲ ಅಣ್ಣನ ಅಡುಗೆಮನೆಯಲ್ಲೇ ಕಳೆಯಬೇಕಿತ್ತು.

ಹಿರಿಯರು ಕೂತ ಮೇಲೆ ಸ್ವಾಮಿಗಳು ಓದಿದರು: "ಸಲ್ಲುದು." ಸಲ್ಲುವುದು, ಮದುವೆ ಆಗಬಹುದು ಎಂದರ್ಥ.

ಆಕೆಯ ಅಣ್ಣ ಎದ್ದ. "ಸಲ್ಲದು ಅಂತಿತ್ತಲ್ರೀ ಅಪ್ಪಾರ? ನಮ್ಮಪ್ಪ ಹಂಗೇ ಓದತಿದ್ದ."

"ನಿಮ್ಮಪ್ಪಗ ಕಣ್ಣು ಮಂಜಾಗಿದ್ವೋ ತಮ್ಮಾ. ಲಕಾರಕ್ಕ ಕೊಂಬು ಅದ, ಬಂದು ನೋಡು."

ಅವನು ಬಗ್ಗಿ ನೋಡಿದ. ಕೊಂಬು ಇತ್ತು, ಉಳಿದ ಅಕ್ಷರಗಳಷ್ಟೇ ಕಪ್ಪಾಗಿತ್ತು.

ಗರಿಯ ಮೇಲೆ ಹೊಸದಾಗಿ ಗೀರಿದ ಗೆರೆ ಬೆಳ್ಳಗಿರುತ್ತದೆ. ಮಸಿ ತಿಕ್ಕಿದರೆ ಮಾತ್ರ ಕಪ್ಪಾಗುತ್ತದೆ. ಸ್ವಾಮಿಗಳ ಹೆಬ್ಬೆರಳಲ್ಲಿ ಮಸಿಯಿತ್ತು. ಮಾಸಿದ್ದನ್ನು ತಿದ್ದಿದರೋ, ಇಲ್ಲದ್ದನ್ನು ಬರೆದರೋ, ನನಗೆ ಇಂದಿಗೂ ಗೊತ್ತಿಲ್ಲ.

ಗೊತ್ತಿರುವವಳು ಒಬ್ಬಳಿದ್ದಾಳೆ. ಆ ಬೆಳಿಗ್ಗೆ, ಹಿರಿಯರು ಬರುವ ಮುಂಚೆ, ಅವರ ಪಕ್ಕದಲ್ಲಿ ಮಸಿಯ ಬಟ್ಟಲು ಹಿಡಿದು ಕೂತಿದ್ದವಳು ಆ ವಿಧವೆಯೇ. ಅವಳು ಎದ್ದು ಹೋಗುವಾಗ ಕಂಬದ ಹಿಂದಿನಿಂದ ನಾನು ನೋಡಿದ್ದೆ. ಈಗ ಮಾಕಣಿಯಲ್ಲಿ, ಗಂಡನ ಮನೆಯಲ್ಲಿ, ಮೊಮ್ಮಕ್ಕಳ ಜೊತೆ ಇದ್ದಾಳೆ.