ಇಲಿಯ ಅಪ್ಪ, ನನ್ನ ಅಪ್ಪ

ಮೂರು ವರ್ಷ ಗಂಡಿಲಿಗಳ ವೀರ್ಯಾಣು ಎಣಿಸಿದ ಮನುಷ್ಯನಿಗೆ ತನ್ನದನ್ನು ಒಮ್ಮೆ ಎಣಿಸಿಕೊಳ್ಳುವ ಧೈರ್ಯ ಇರಲಿಲ್ಲ. ಆ ಮನುಷ್ಯ ನಾನೇ ಎಂದು ಈಗ ಹೇಳಿಕೊಳ್ಳಬಲ್ಲೆ; ವಯಸ್ಸಾದಂತೆ ನಾಚಿಕೆಗೂ ದಣಿವಾಗುತ್ತದೆ.

ಹೊಸ ಶತಮಾನದ ಮೊದಲ ವರ್ಷಗಳವು. ಧಾರವಾಡದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ನಾನು ನಲವತ್ತರ ಹತ್ತಿರ ಬಂದು ಪಿಎಚ್.ಡಿ.ಗೆ ಕೈ ಹಚ್ಚಿದ್ದೆ. ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಯನ್ನು ಅಪ್ಪ ಇಲಿಗೆ ತಿನ್ನಿಸಿದರೆ ಮಗ ಇಲಿಯ ಸಂತಾನಶಕ್ತಿಗೆ ಏನಾಗುತ್ತದೆ, ಜೊತೆಗೆ ಇ ವಿಟಮಿನ್ ಕೊಟ್ಟರೆ ಏನಾದರೂ ಉಳಿಯುತ್ತದೆಯೇ ಎಂಬುದು ನನ್ನ ವಿಷಯ. ಅಲ್ಲಿ ಮದ್ದೆಲ್ಲ ಗಂಡಿಗೆ. ಮಾಳಮಡ್ಡಿಯ ನಮ್ಮ ಬಾಡಿಗೆ ಮನೆಯಲ್ಲಿ ಮಾತ್ರ ಪ್ರಯೋಗ ತಿರುಗುಮುರುಗು. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿರಲಿಲ್ಲ. ಇಂಜೆಕ್ಷನ್ನು, ಸ್ಕ್ಯಾನು, ನನ್ನ ಅವ್ವ ಹೇಳಿದ ಸೋಮವಾರದ ಉಪವಾಸ ಎಲ್ಲವೂ ಹೆಂಡತಿ ಸುಮಿತ್ರಾಳ ಪಾಲು. ನನ್ನ ಪಾಲಿಗೆ ಸೂಕ್ಷ್ಮದರ್ಶಕ.

ಇಲಿಗೆ ಕೊಡುತ್ತಿದ್ದ ಮಾತ್ರೆಯನ್ನೇ ಎರಡು ವರ್ಷದಿಂದ ನಾನೂ ನುಂಗುತ್ತಿದ್ದೆ. ಅಪ್ಪ ಐವತ್ತರ ಆಸುಪಾಸಿನಲ್ಲೇ ಎದೆ ಹಿಡಿದುಕೊಂಡು ಹೋದವರು. ಅವರ ಕೊಲೆಸ್ಟ್ರಾಲು ನನಗೆ ಬಂದಿತ್ತು. ಒಂದು ದಿನ, ಮಾತ್ರೆ ತಿಂದ ಅಪ್ಪಂದಿರ ಕೆಲವು ಮಕ್ಕಳಲ್ಲಿ ಎಣಿಕೆ ಕಡಿಮೆ ಕಂಡಿತು. ಹೌಹಾರಿ ನನ್ನ ಮಾರ್ಗದರ್ಶಕರ ಹತ್ತಿರ ಓಡಿದೆ. ಅವರು ನಕ್ಕರು.

"ನಾಕು ಇಲಿ ನೋಡಿ ಗಾಬರಿ ಆಗಬ್ಯಾಡ್ರಿ. ಇಲಿ ಮಾತು ಮನಷ್ಯಾಗ ಹಂಗ ಹಚ್ಚಾಕ ಬರೂದಿಲ್ಲ."

ತಲೆಯಾಡಿಸಿ ಮನೆಗೆ ಬಂದೆ. ಬಂದವನೇ ಮಾತ್ರೆ ಬಿಟ್ಟೆ. ಇ ವಿಟಮಿನ್ ತಂದು ಗುಟ್ಟಾಗಿ ನುಂಗತೊಡಗಿದೆ. ತಪಾಸಣೆ ಮಾಡಿಸಿಕೊಳ್ಳುವುದಕ್ಕಿಂತ ಅದು ಸುಲಭವಾಗಿತ್ತು.

ನಾಲ್ಕು ತಿಂಗಳ ಮೇಲೆ, ನನ್ನ ಟೇಬಲ್ ಒರೆಸುತ್ತಿದ್ದ ಸುಮಿತ್ರಾಳಿಗೆ ಒಡೆಯದ ಮಾತ್ರೆ ಪಟ್ಟಿಗಳು ಸಿಕ್ಕವು.

"ಇವು ಯಾಕ ಹಂಗ ಅದಾವ್ರಿ?"

ಹೇಳಿದೆ. ಅವಳು ಪಟ್ಟಿಗಳನ್ನು ನನ್ನ ಮುಂದೆ ಹಾಕಿದಳು.

"ಮಾವನೋರು ಹ್ಯಾಂಗ ಹ್ವಾದ್ರು ಮರತ್ರೇನು? ಕೂಸಿಲ್ಲದ ನಾ ಇರ್ತೇನಿ. ನೀವಿಲ್ಲದ ಹ್ಯಾಂಗ ಇರ್ಲಿ? ದಿನಾ ಇಲಿದು ಎಣಸ್ತೀರಿ, ನಿಮ್ದು ಒಂದ ಸಲ ತೋರ್ಸಾಕ ಏನ್ ಧಾಡಿ ನಿಮಗ?"

ಮರುವಾರ ಇಬ್ಬರೂ ಹುಬ್ಬಳ್ಳಿಗೆ ಹೋದೆವು. ಧಾರವಾಡದಲ್ಲಾದರೆ ಯಾರಾದರೂ ಶಿಷ್ಯ ಎದುರಾಗಿ ನಮಸ್ಕಾರ ಮಾಡಿಯಾನು ಎಂಬ ಭಯ. ನರ್ಸ್ ಸಣ್ಣ ಡಬ್ಬಿ ಕೈಗಿಟ್ಟಾಗ ಬೆವತುಹೋದೆ. ಇಲಿಗಳು ಇದಕ್ಕಾಗಿ ಜೀವವನ್ನೇ ಕೊಟ್ಟಿದ್ದವು. ನಾನು ಕೊಡಬೇಕಾದದ್ದು ಬರೀ ಮಾನ.

ವರದಿ ಓದಲು ನನಗೆ ಡಾಕ್ಟರು ಬೇಕಾಗಿರಲಿಲ್ಲ. ಎಣಿಕೆ ತೀರ ಕಡಿಮೆಯಿತ್ತು.

"ಮಾತ್ರಿಯಿಂದೇನ್ರಿ?" ಎಂದು ಡಾಕ್ಟರನ್ನು ಕೇಳಿದೆ, ಆಸೆಯಿಂದಲೇ.

"ಹಂಗ ಹೇಳಾಕ ಬರೂದಿಲ್ರಿ. ಮಾತ್ರಿ ಸುರು ಆಗೂಕಿಂತ ಮೊದಲ ಏಳು ವರ್ಷ ಎಲ್ಲಿ ಮಕ್ಕಳಾಗಿದ್ವು? ಅದನ್ನ ಮಾತ್ರ ಬಿಡಬ್ಯಾಡ್ರಿ, ಎದಿ ಮಾತು ಅದು."

ಸಂಜೆ ಮನೆಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಸುಮಿತ್ರಾ ಅಡುಗೆ ಮನೆಗೆ ಹೋದಳು. ನಾನು ಚಪ್ಪಲಿ ಬಿಡುತ್ತಲೇ ಹೇಳಿಬಿಟ್ಟೆ, ಕೂತರೆ ಹೇಳಲಾರೆ ಎಂದು.

"ಅವ್ವಾ, ದೋಷ ಆಕಿದಲ್ಲ. ನಂದು."

ಅವ್ವನ ಕೈ ನಿಂತಿತು. ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಅಂದಳು: "ನೀ ಹುಟ್ಟಾಕ ಹನ್ನೊಂದು ವರ್ಷ ಹಿಡೀತು. ಮಂದಿ ನನಗ ಬಂಜಿ ಅಂದ್ರು. ನಿಮ್ಮಪ್ಪ ನನ್ನ ಪರ ಒಂದ ಮಾತು ಆಡ್ಲಿಲ್ಲ. ಅಷ್ಟು ಉಂಡಾಕಿ ನಾನು, ತಿರುಗಿ ಈಕಿಗೆ ಉಪಾಸ ಹಚ್ಚಿದ್ನಲ್ಲೋ."

ಅಪ್ಪನಿಂದ ಮಗನಿಗೆ ಏನೇನು ದಾಟುತ್ತದೆ ಎಂದು ಪಂಜರದಲ್ಲಿ ಹುಡುಕುತ್ತಿದ್ದ ನನಗೆ ಈ ಮೌನ ಹೊಳೆದೇ ಇರಲಿಲ್ಲ.

ಅವ್ವ ಎದ್ದು ಒಳಗೆ ಹೋದಳು. ಏನು ಹೇಳಿದಳೋ ಕೇಳಿಸಲಿಲ್ಲ. ಇಬ್ಬರೂ ಅತ್ತದ್ದು ಕೇಳಿಸಿತು, ಸ್ವಲ್ಪ ಹೊತ್ತಿಗೆ ನಕ್ಕದ್ದೂ ಕೇಳಿಸಿತು. ಯಾರನ್ನು ಕುರಿತು ನಕ್ಕರೆಂದು, ಸಂಶೋಧಕನಾಗಿದ್ದರೂ, ವಿಚಾರಿಸಲು ಹೋಗಲಿಲ್ಲ.

ಮುಂದೆಯೂ ಮಕ್ಕಳಾಗಲಿಲ್ಲ. ಪಿಎಚ್.ಡಿ. ಆಯಿತು. ಮನೆಗೆ ಬಂದ ನೆಂಟರು ಸುಮಿತ್ರಾಳ ಕಡೆ ನೋಡಿ, "ಏನಾರ ವಿಶೇಷ ಐತೇನ್ರಿ?" ಎಂದರೆ ನಾನೇ, "ಇಲ್ರಿ, ತೊಂದ್ರಿ ನಂದು" ಎನ್ನುತ್ತಿದ್ದೆ. ಅವರು ಗಾಬರಿಯಾಗಿ ಬಿಸಿ ಚಹಾ ಗಟಗಟನೆ ಕುಡಿದು ಏಳುತ್ತಿದ್ದರು. ವರ್ಷ ತುಂಬುವುದರೊಳಗೆ ಕೇಳುವವರೇ ಇಲ್ಲವಾದರು. ಇಷ್ಟು ಸಣ್ಣ ಮಾತಿಗೆ ನಮ್ಮ ಮನೆತನಕ್ಕೆ ಎರಡು ತಲೆಮಾರು ಹಿಡಿಯಿತಲ್ಲ ಎಂದು ನೆನೆದರೆ ಈಗಲೂ ಸುಸ್ತಾಗುತ್ತದೆ.